ಸತ್ಯಾಂಶ: ಥಾಯ್ಲೆಂಡಿನ ನಿವೃತ್ತಿ ವಾಸಕ್ಕೆ ಒಂದು ದಿನದ ಠೇವಣಿ ಸಾಲದು

ಥಾಯ್ಲೆಂಡಿನಲ್ಲಿ ನಿವೃತ್ತಿ ವಾಸದ ಅನುಮತಿಯನ್ನು ನವೀಕರಿಸಲು ಅರ್ಜಿ ಕೊಡುವ ದಿನ ಖಾತೆಯಲ್ಲಿ 8,00,000 ಬಾತ್ ತೋರಿಸಿದರೆ ಸಾಕು, ಮರುದಿನವೇ ತೆಗೆದುಕೊಳ್ಳಬಹುದು ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಮೊತ್ತವೊಂದೇ ಸರಿ. 50 ವರ್ಷ ತುಂಬಿದ ವಿದೇಶಿಯರು ಠೇವಣಿಯ ಆಧಾರದಲ್ಲಿ ಒಂದು ವರ್ಷದ ವಿಸ್ತರಣೆ ಕೋರುವಾಗ, ಆ ಹಣವು ಅರ್ಜಿಗೆ ಮೊದಲು 2 ತಿಂಗಳು ಮತ್ತು ಅನುಮತಿ ದೊರೆತ ಮೇಲೆ 3 ತಿಂಗಳು ಥಾಯ್ ಬ್ಯಾಂಕಿನಲ್ಲಿ ಕರಗದೆ ಉಳಿದಿರಬೇಕು. ಆಮೇಲೂ ಖಾತೆಯಲ್ಲಿನ ಹಣ 4,00,000 ಬಾತ್‌ಗಿಂತ ಕೆಳಗಿಳಿಯಬಾರದು. ಅನುಮತಿಯ ನಂತರದ ಈ ನಿರ್ಬಂಧ 2019ರಲ್ಲಿ ಬಂದದ್ದು. ಸಂದೇಶ ಬರೆದವರು ಬಹುಶಃ ಹಳೆಯ ಪದ್ಧತಿಯನ್ನೇ ನೆಚ್ಚಿಕೊಂಡಿರಬೇಕು. ಬ್ಯಾಂಕಿನ ಪತ್ರದ ಜೊತೆಗೆ ಪಾಸ್‌ಬುಕ್ಕಿನ ಪ್ರತಿಯನ್ನೂ ಕೇಳುವುದರಿಂದ, ನಡುವೆ ಹಣ ತೆಗೆದಿದ್ದರೆ ಆ ಸಾಲು ಅಧಿಕಾರಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಠೇವಣಿ ಇಡಲಾಗದವರಿಗೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸುವ ದಾರಿಯೂ ಇದೆ.

ಅದೇ ಸಂದೇಶದ ಕೊನೆಯಲ್ಲಿ, 90 ದಿನಗಳಿಗೊಮ್ಮೆ ವರದಿ ಸಲ್ಲಿಸಿದರೆ ಅವಧಿ ತಾನಾಗಿ ಮುಂದುವರಿಯುತ್ತದೆ ಎಂದೂ ಇದೆ. ಅದು ವಿಳಾಸ ತಿಳಿಸುವ ಕ್ರಮವಷ್ಟೇ. ವಿಸ್ತರಣೆಗೆ 1,900 ಬಾತ್ ಶುಲ್ಕದೊಂದಿಗೆ ಪ್ರತ್ಯೇಕ ಅರ್ಜಿಯನ್ನೇ ಸಲ್ಲಿಸಬೇಕು. ಮರುಪ್ರವೇಶದ ಪರವಾನಗಿ ಪಡೆಯದೆ ದೇಶ ಬಿಟ್ಟರೆ ಆ ವಿಸ್ತರಣೆಯೂ ರದ್ದಾಗುತ್ತದೆ.