ಕ್ರೀಡಾ ಸಂಪಾದಕರು ಬೇಕಾಗಿದ್ದಾರೆ, ಆಟ ಗೊತ್ತಿದ್ದರೂ ಅಡ್ಡಿಯಿಲ್ಲ

ಧಾರವಾಡದಲ್ಲಿ ಮಳೆ ಹಿಡಿದರೆ ಕೆಲಸ ಇಲ್ಲದವನು ಮಾಡುವುದು ಎರಡೇ. ಮಿರ್ಚಿ ತಿನ್ನುವುದು, ಆಮೇಲೆ ಮಿರ್ಚಿ ಕಟ್ಟಿಕೊಟ್ಟ ಪೇಪರ್ ಓದುವುದು. ಆ ಜಾಹೀರಾತು ನನ್ನ ಕೈಗೆ ಬಂದಿದ್ದು ಹಾಗೆ. ಎಣ್ಣೆ ಇಳಿದಿದ್ದರೂ ಅಕ್ಷರ ಕಾಣುತ್ತಿದ್ದವು. ‘ದಿನಪತ್ರಿಕೆಗೆ ಕ್ರೀಡಾ ಸಂಪಾದಕರು ಬೇಕಾಗಿದ್ದಾರೆ. ಸ್ವಂತ ಬೈಕ್, ಸ್ವಂತ ಲ್ಯಾಪ್‌ಟಾಪ್ ಕಡ್ಡಾಯ. ಜಾಹೀರಾತು ತರುವವರಿಗೆ ಆದ್ಯತೆ. ಜ್ಯೋತಿಷ್ಯ ಬಲ್ಲವರಿಗೆ ವಿಶೇಷ ಆದ್ಯತೆ.’

ಆಟದ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ಹೇಳದೆಯೇ ಗೊತ್ತಾಗುವ ವಿಷಯ ಅಂದುಕೊಂಡೆ. ಪಾಪ, ಮಿರ್ಚಿ ತಿಂದ ಹೊಟ್ಟೆ, ಒಳ್ಳೇದನ್ನೇ ಯೋಚಿಸುತ್ತದೆ.

ಅರ್ಜಿಯನ್ನು ಎರಡು ಪುಟ ಬರೆದೆ. ಸಣ್ಣವನಿದ್ದಾಗ ಗರಡಿ ಮನೆಯ ಮಣ್ಣಲ್ಲಿ ಹೊರಳಾಡಿದ್ದು, ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಬಿಸಿಲಿಗೆ ಕೂತು ರಣಜಿ ನೋಡಿದ್ದು, ಹತ್ತಾರು ಹಳ್ಳಿಗಳ ಕಬಡ್ಡಿ ಪಂದ್ಯಗಳಿಗೆ ಅಂಪೈರ್ ಆಗಿ ಬೈಗುಳ ತಿಂದಿದ್ದು, ಎಲ್ಲ ಸೇರಿಸಿದೆ. ಗೆಳೆಯ ಓದಿ ನೋಡಿದ. ಅವನು ಮೊದಲು ಪತ್ರಿಕೆಯೊಂದರಲ್ಲಿ ಪುಟ ಕಟ್ಟುತ್ತಿದ್ದವನು. ‘ಇದೆಲ್ಲ ತಗದ ಹಾಕೋ ಮಾರಾಯ. ನಿನಗ ಎಷ್ಟ ಮಂದಿ ಅಧ್ಯಕ್ಷರ ಪರಿಚಯ ಅದಾರ, ಅದನ್ನ ಬರಿ’ ಅಂದ. ನಾನು ಕೇಳಲಿಲ್ಲ. ಕೇಳಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ ಬಿಡಿ.

ಸಂದರ್ಶನದ ದಿನ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಮೇಜಿನ ಆಚೆ ಮೂರು ಜನ. ಸಂಪಾದಕರು, ಜಾಹೀರಾತು ಮ್ಯಾನೇಜರು, ಪ್ರಸರಣ ವಿಭಾಗದವರು. ಮೊದಲು ಮಾತು ತೆಗೆದಿದ್ದು ನಡುವೆ ಕೂತ ಮ್ಯಾನೇಜರು.

‘ನಿಮ್ಮ ಮೆಚ್ಚಿನ ಆಟಗಾರ ಯಾರ್ರೀ?’

ಈ ಪ್ರಶ್ನೆಗೆ ನಾನು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೆ. ಸುನಿಲ್ ಜೋಶಿ ಅಂದೆ. ನಮ್ಮ ಗದಗದವರು. ಹುಡುಗನಾಗಿದ್ದಾಗ ಪ್ರಾಕ್ಟೀಸ್ ಮಾಡಲು ಗದಗದಿಂದ ಹುಬ್ಬಳ್ಳಿಗೆ ಓಡಾಡಿದವರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಏನು ಮಾಡಿದರು ಗೊತ್ತೇನ್ರೀ? 10 ಓವರ್, 6 ಮೇಡನ್, 6 ರನ್, 5 ವಿಕೆಟ್! ಹೇಳುತ್ತಾ ಹೇಳುತ್ತಾ ಕುರ್ಚಿಯಿಂದ ಅರ್ಧ ಎದ್ದಿದ್ದೆ.

ಮ್ಯಾನೇಜರು ಪೆನ್ ತೆಗೆದು ಬರೆದುಕೊಂಡರು. ನನಗೆ ಖುಷಿಯಾಯಿತು.

‘ಛಲೋ ಆತು. ಅವತ್ತ ಮುಖ್ಯ ಅತಿಥಿ ಯಾರ ಇದ್ರು?’

ನಾನು ಕೂತೆ.

ಜ್ಯೋತಿಷ್ಯ ಯಾಕೆ ಬೇಕು ಅಂತ ಧೈರ್ಯ ಮಾಡಿ ಕೇಳಿದೆ. ಪ್ರಸರಣದವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಐಪಿಎಲ್ ಪಂದ್ಯ ಶುರುವಾಗುವುದು ರಾತ್ರಿ ಏಳೂವರೆಗೆ. ಮುಗಿಯುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ದೂರದ ಊರುಗಳಿಗೆ ಹೋಗುವ ಡಾಕ್ ಆವೃತ್ತಿಯ ಪುಟ ಅಷ್ಟರಲ್ಲಿ ಅಚ್ಚಿಗೆ ಹೋಗಿ, ಬಂಡಲ್ ಕಟ್ಟಿ, ಗಾಡಿ ಊರು ಬಿಟ್ಟಿರುತ್ತದೆ. ಹಾನಗಲ್ಲಿನ ಓದುಗರಿಗೆ ಬೆಳಿಗ್ಗೆ ಚಹಾದ ಜೊತೆ ಸಿಗುವುದು ‘ಆರ್‌ಸಿಬಿ ಉತ್ತಮ ಆರಂಭ’. ಮ್ಯಾಚ್ ಸೋತು ಆಗಲೇ ಎಂಟು ತಾಸು. ‘ಅದಕ್ಕ ಮೊದಲ ಗೊತ್ತಿರೋರು ಬೇಕ್ರೀ’ ಅಂದರು. ಇಡೀ ಸಂದರ್ಶನದಲ್ಲಿ ತರ್ಕ ಇದ್ದ ಮಾತು ಅದೊಂದೇ.

ಆಮೇಲೆ ಪರೀಕ್ಷೆ. ‘ನಿನ್ನೆ ನೋಡಿದ ಯಾವುದಾದ್ರೂ ಆಟದ ವರದಿ ಬರೀರಿ, ಹದಿನೈದ ಸಾಲು’ ಅಂದರು ಸಂಪಾದಕರು. ಅದೃಷ್ಟ ನೋಡಿ, ಹಿಂದಿನ ರಾತ್ರಿ ನಾನು ನವಲಗುಂದ ಕಡೆಯ ಒಂದು ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ನೋಡಿ ಬಂದಿದ್ದೆ.

ಹೊನಲು ಬೆಳಕಿನ ಕಬಡ್ಡಿ ಗೊತ್ತಲ್ವಾ? ಹೊನಲು ಬೆಳಕೆಲ್ಲ ವೇದಿಕೆ ಮೇಲೆ, ಉಳಿದಿದ್ದು ಅಂಕಣದ ಮೇಲೆ. ಏಳು ಗಂಟೆಗೆ ಕಾರ್ಯಕ್ರಮ. ಅತಿಥಿಗಳು ಒಂಬತ್ತಕ್ಕೆ ಬಂದರು. ಆಮೇಲೆ ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಪೇಟ, ಮತ್ತೆ ಶಾಲು. ಹುಡುಗರು ಮೂರು ಸಲ ಮೈ ಬಿಸಿ ಮಾಡಿಕೊಂಡು ಮೂರು ಸಲ ಆರಿಸಿಕೊಂಡರು. ಕಬಡ್ಡಿ ಪಂದ್ಯ ಎಷ್ಟು ಹೊತ್ತು ಹೇಳಿ? 40 ನಿಮಿಷ. ವೇದಿಕೆ ಪಂದ್ಯ ಎರಡೂವರೆ ತಾಸು ನಡೆಯಿತು. ವಂದನಾರ್ಪಣೆ ಮುಗಿಯುತ್ತಿದ್ದಂತೆ ಅತಿಥಿಗಳ ಕಾರು ಹೊರಟವು. ಬಹುಮಾನ? ಅದನ್ನು ಆಟಕ್ಕಿಂತ ಮೊದಲೇ ಕೊಟ್ಟಾಗಿತ್ತು. ಎರಡೂ ತಂಡದ ನಾಯಕರನ್ನು ಕರೆದು ಒಂದೇ ಕಪ್ ಹಿಡಿಸಿ ಫೋಟೋ ತೆಗೆಸಿ, ‘ಯಾರ ಗೆಲ್ತೀರಿ ಅವರ ಇಟ್ಕೊಳ್ರಿ’ ಅಂದು ಹೋಗಿದ್ದರು.

ಫೈನಲ್ ಮುಗಿದಾಗ ನಸುಕಿನ ಎರಡು ಗಂಟೆ. ಸ್ಕೋರ್ ಸಮ ಆಗಿತ್ತು. ಎರಡೂ ಕಡೆ ಐದೈದು ರೇಡ್ ಕೊಟ್ಟರು. ಕೊನೇ ರೇಡಿಗೆ ಬಂದವನು ತೆಳ್ಳಗಿನ ಹುಡುಗ, ಹಗಲು ಟ್ರ್ಯಾಕ್ಟರ್ ಹೊಡೆಯುವವನು. ಒಂದು ಅಂಕ ಬೇಕು. 30 ಸೆಕೆಂಡಿನಲ್ಲಿ ಇಪ್ಪತ್ತೈದು ಸುಮ್ನೆ ಓಡಾಡಿಯೇ ಕಳೆದ. ಮೂಲೆಯವನು ಒಂದು ಹೆಜ್ಜೆ ಮುಂದೆ ಬಂದ. ಇವನು ಕಾಲ್ಬೆರಳಿನ ತುದಿ ಅವನ ಮೊಣಕಾಲಿಗೆ ತಾಗಿಸಿ, ತಿರುಗಿ, ಎದೆ ಮೇಲೆ ಬಿದ್ದು ಕೈ ಚಾಚಿದ. ನಡುಗೆರೆ ಮುಟ್ಟಿದ್ದು ಎರಡೇ ಬೆರಳು. ಕೈಗೆ ಕಟ್ಟಿದ್ದ ಕೆಂಪು ದಾರದ ತುಂಬ ಮಣ್ಣು. ಊರ ಮಂದಿ ಒಳಗೆ ನುಗ್ಗಿದರು.

ಇದನ್ನೇ ಹದಿನೈದು ಸಾಲಿನಲ್ಲಿ ಬರೆದು ಕೊಟ್ಟೆ. ಸಂಪಾದಕರು ಓದಿದರು. ಕನ್ನಡಕ ತೆಗೆದರು. ‘ಭಾಷಾ ಛಲೋ ಅದ. ಆದರ ಸುದ್ದಿನೇ ಇಲ್ಲಲ್ರೀ’ ಅಂದರು. ಕೆಂಪು ಪೆನ್ ಹಿಡಿದು ನನ್ನ ಕಣ್ಣೆದುರಿಗೇ ತಿದ್ದತೊಡಗಿದರು.

ತಲೆಬರಹ: ‘ಕ್ರೀಡೆಯಿಂದ ಮಾನಸಿಕ, ದೈಹಿಕ ಸದೃಢತೆ’. ಮೊದಲ ಸಾಲು: ‘ಸೋಲು-ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕು ಎಂದು ಮುಖ್ಯ ಅತಿಥಿಗಳು ಹೇಳಿದರು.’ ಆಮೇಲೆ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಜ್ಯೋತಿ ಬೆಳಗಿಸಿದವರು, ಜ್ಯೋತಿಗೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿದವರು. ಕೊನೆಗೆ ಹನ್ನೊಂದು ಹೆಸರು ಸಾಲಾಗಿ ಬರೆದು ‘ಇದ್ದರು’ ಅಂತ ಮುಗಿಸಿದರು.

ಈ ‘ಇದ್ದರು’ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡ ಪತ್ರಿಕೆಗಳಲ್ಲಿ ಇದರಷ್ಟು ದುಡಿದ ಕ್ರಿಯಾಪದ ಇನ್ನೊಂದಿಲ್ಲ. ವೇದಿಕೆಯಲ್ಲಿ ಇದ್ದವರೂ ಇದ್ದರು. ಬರುತ್ತೇನೆ ಅಂದು ಬಾರದವರೂ ಇದ್ದರು. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿದ್ದು ಆ ಹೊತ್ತಿಗೆ ಬೆಂಗಳೂರಿನಲ್ಲಿ ಇದ್ದವರು ಕೂಡ ಇಲ್ಲಿ ‘ಇದ್ದರು’. ಇಲ್ಲದವರು ಅಂದರೆ ಕಬಡ್ಡಿ ಆಡಿದ ಹದಿನಾಲ್ಕು ಮಂದಿ ಮಾತ್ರ.

‘ಸರ್, ಗೆದ್ದವರು ಯಾರು ಅಂತ ಒಂದು ಸಾಲು...’

‘ನೋಡ್ರಿ, ಸೋಲು ಗೆಲುವು ಎರಡೂ ಒಂದ ಅಂತ ಸಾಹೇಬ್ರ ಹೇಳ್ಯಾರ. ನೀವು ಕೆಳಗ ಗೆದ್ದವರ ಹೆಸರ ಹಾಕಿದ್ರ ಅವರ ಭಾಷಣಕ್ಕ ವಿರುದ್ಧ ಆಗ್ತದ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮ್ಯಾನೇಜರು ಮೆತ್ತಗೆ ವ್ಯವಹಾರ ಬಿಡಿಸಿದರು. ಆ ಹನ್ನೊಂದು ಜನರಲ್ಲಿ ಏಳು ಮಂದಿ ದೀಪಾವಳಿ ವಿಶೇಷಾಂಕಕ್ಕೆ ಜಾಹೀರಾತು ಕೊಡುವವರು. ಇಬ್ಬರ ಹುಟ್ಟುಹಬ್ಬ ಮುಂದಿನ ವಾರ. ರೇಡ್ ಹೊಡೆದ ಹುಡುಗ ಏನು ಕೊಡುತ್ತಾನೆ? ಅರ್ಧ ಪುಟ ಬೇಡ, ಒಂದು ಕಾಲಂ ಕೊಡುತ್ತಾನಾ?

ಅದಕ್ಕೆ ನನಗೆ ಹಾವೇರಿ ಕಡೆಯ ಹೋರಿಗಳ ಮೇಲೆ ಹೊಟ್ಟೆಕಿಚ್ಚು. ದೀಪಾವಳಿ ಹೊತ್ತಿಗೆ ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು ಕಟ್ಟಿಸಿಕೊಂಡು ಅಖಾಡದಲ್ಲಿ ಓಡುತ್ತವಲ್ಲ, ಆ ಹೋರಿಗಳಿಗೆ ಹೆಸರಿದೆ, ಬಿರುದಿದೆ, ಊರ ಬಾಗಿಲಲ್ಲಿ ಆಳೆತ್ತರದ ಬ್ಯಾನರ್ ಇದೆ, ಅಭಿಮಾನಿ ಬಳಗ ಇದೆ. ಮರುದಿನ ಪೇಪರಿನಲ್ಲಿ ಹೋರಿಯದೇ ಫೋಟೋ. ಅಲ್ಲಿ ಅತಿಥಿಗಳು ಹೋರಿ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗುವುದಿಲ್ಲ. ಕೋಡು ಇರುವುದರ ಲಾಭ ಅದು. ಕಬಡ್ಡಿ ಆಟಗಾರರಿಗೆ ಆ ಅನುಕೂಲ ಇಲ್ಲ.

‘ತಿಳಸ್ತೀವ್ರೀ’ ಅಂದರು. ನಾನು ಬಂದೆ. ಎರಡು ವಾರದ ಮೇಲೆ ಗೆಳೆಯ ಸುದ್ದಿ ತಂದ. ಆ ಹುದ್ದೆಯನ್ನು ದಿನ ಭವಿಷ್ಯ ಬರೆಯುವವರಿಗೇ ಹೆಚ್ಚುವರಿಯಾಗಿ ವಹಿಸಿದರಂತೆ. ಬೈಕು, ಲ್ಯಾಪ್‌ಟಾಪ್ ಎರಡೂ ಅವರದೇ. ಜಾಹೀರಾತಿನ ಷರತ್ತುಗಳಿಗೆ ನಿಜಕ್ಕೂ ಹೊಂದುವವರು ಅವರೊಬ್ಬರೇ, ನನಗೇನೂ ಬೇಜಾರಿಲ್ಲ.

ಆದರೆ ನನ್ನ ಪರೀಕ್ಷೆಯ ವರದಿಯನ್ನು ಅವರು ವ್ಯರ್ಥ ಮಾಡಿರಲಿಲ್ಲ. ಸಂದರ್ಶನದ ಮರುದಿನವೇ ಕ್ರೀಡಾ ಪುಟದಲ್ಲಿ ನಾಲ್ಕು ಕಾಲಂ ಹಾಕಿದ್ದರು. ಕೆಂಪು ಪೆನ್ನಿನ ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಫೋಟೋದಲ್ಲಿ ಕಪ್ಪಿನ ಸುತ್ತ ಎಣಿಸಿದರೆ ಹತ್ತೊಂಬತ್ತು ಜನ. ಎರಡೂ ತಂಡ ಸೇರಿಸಿದರೂ ಅಷ್ಟಾಗುವುದಿಲ್ಲ. ಎಡಬಲದ ಅಂಚನ್ನು ಕಾಲಂ ಅಳತೆಗೆ ಕತ್ತರಿಸಿದ್ದರು.

ಅವತ್ತು ಸಂಜೆ ಆ ಟ್ರ್ಯಾಕ್ಟರ್ ಹುಡುಗ ಫೋನ್ ಮಾಡಿದ. ಬೈಯುತ್ತಾನೆ ಅಂದುಕೊಂಡು ಹೆದರುತ್ತಲೇ ಎತ್ತಿದೆ.

‘ಸರ, ಪೇಪರ್ ನೋಡಿದ್ರೇನ್ರೀ? ಫೋಟೋದಾಗ ಎಡಕ್ಕ ಕಪ್ಪಿನ ಹಿಡಿಕಿ ಹಿಡದಿದ್ದು ಒಂದ ಕೈ ಐತಲ್ರೀ, ಕೆಂಪು ದಾರದ್ದು, ಅದು ನಂದರೀ. ನಮ್ಮವ್ವ ಕತ್ತರಿಸಿ ಗ್ವಾಡಿಗೆ ಹಚ್ಚ್ಯಾಳ.’