ಪರ-ವಿರೋಧ: ಊರ ಹುಡುಗರನ್ನು ದಾಳಿಂಬೆ ತೋಟಕ್ಕೆ ಕರೆಯಬೇಕೇ?

ಪರ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಲ್ಲಿ ಚಾಟ್ನಿ, ಅಂದರೆ ಗಿಡ ಸವರುವ ಕಾಲ, ಬಂತೆಂದರೆ ಮಾಲೀಕರ ಕಿವಿಗೆ ಫೋನು ಅಂಟಿಕೊಳ್ಳುತ್ತದೆ. ಗಿಡ ಸವರುವ ಗ್ಯಾಂಗು ಹೊರಗಿನಿಂದ ಬರಬೇಕು. ಊರಿನ ಹುಡುಗರು ಅಷ್ಟರಲ್ಲಿ ಗಂಟುಮೂಟೆ ಕಟ್ಟಿ ಬೆಂಗಳೂರಿನ ಗಾರೆ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಇಲ್ಲಿಯ ಕೆಲಸಕ್ಕೆ ಅಲ್ಲಿಯವರು, ಅಲ್ಲಿಯ ಕೆಲಸಕ್ಕೆ ಇಲ್ಲಿಯವರು, ಲಾಭ ಬಸ್ಸಿನವರಿಗೆ.

ತೋಟದ ಕೆಲಸವೆಂದರೆ ಕಸ ಕೀಳುವುದು ಎಂದುಕೊಂಡವರು ಬಹಾರ್ ಹಿಡಿಸುವುದನ್ನು, ಅಂದರೆ ಗಿಡವೆಲ್ಲ ಒಟ್ಟಿಗೆ ಹೂ ಬಿಡುವಂತೆ ಮಾಡುವುದನ್ನು, ಒಮ್ಮೆ ನೋಡಬೇಕು. ನೀರು ನಿಲ್ಲಿಸಿ ಗಿಡ ಬಾಡಿಸಬೇಕು, ಇಥ್ರೆಲ್ ಎಂಬ ರಾಸಾಯನಿಕ ಹೊಡೆದು ಎಲೆ ಉದುರಿಸಬೇಕು, ಸವರಿ, ಗೊಬ್ಬರ ಕೊಟ್ಟು, ಮತ್ತೆ ನೀರು ಬಿಡಬೇಕು. ಅಳತೆ ತಪ್ಪಿದರೆ ಎಲೆಯ ಜೊತೆ ಟೊಂಗೆಯೂ ಹೋಗುತ್ತದೆ. 2000ರ ದಶಕದಲ್ಲಿ ದುಂಡಾಣು ಅಂಗಮಾರಿ ಹಬ್ಬಿದಾಗ ಕೊಪ್ಪಳ ಜಿಲ್ಲೆಯ ರೈತರು ಮಕ್ಕಳಂತೆ ಬೆಳೆಸಿದ ಗಿಡಗಳನ್ನು ತಾವೇ ಕಿತ್ತು ಹಾಕಿದರು. ಆ ರೋಗ ಮಳೆಹನಿಯಲ್ಲಷ್ಟೇ ಅಲ್ಲ, ಚಾಟ್ನಿಯ ಕತ್ತರಿಯಲ್ಲೂ ಗಿಡದಿಂದ ಗಿಡಕ್ಕೆ ದಾಟುತ್ತದೆ. ಪ್ರತಿ ಗಿಡಕ್ಕೂ ಕತ್ತರಿಯನ್ನು ಔಷಧಿಯಲ್ಲಿ ಅದ್ದಿ ತೆಗೆಯುವ ತಾಳ್ಮೆ, ಇವತ್ತು ಇಲ್ಲಿ ನಾಳೆ ಇನ್ನೆಲ್ಲೋ ಎನ್ನುವ ಗ್ಯಾಂಗಿಗೆ ಎಲ್ಲಿಂದ ಬರಬೇಕು? ನಾಳೆಯೂ ಅದೇ ಗಿಡದ ಮುಖ ನೋಡಬೇಕಾದ ಊರ ಹುಡುಗನಿಗಾದರೆ ಬಂದೀತು.

ಕಲಿಯಲು ದೂರ ಹೋಗಬೇಕಿಲ್ಲ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಡಿಗ್ರಿಯೇ ಬೇಕೆಂದೂ ಇಲ್ಲ. ಹನಿ ನೀರಾವರಿಯ ಫಿಲ್ಟರ್ ಬಿಚ್ಚಿ ತೊಳೆಯಲು, ಡ್ರಿಪ್ಪಿನಲ್ಲಿ ಬಿಡುವ ಗೊಬ್ಬರದ ಲೆಕ್ಕ ಇಡಲು, ಕಾಯಿಯನ್ನು ತೂಕ-ಬಣ್ಣ ನೋಡಿ ವಿಂಗಡಿಸಲು ಬಂದರೆ ಸಾಕು. ಗಿಣಿಗೇರಿಯ ಕಾರ್ಖಾನೆಗಳ ಹೊಗೆಯಲ್ಲಿ ರಾತ್ರಿಪಾಳಿ ಮಾಡುವುದಕ್ಕಿಂತ ಇದು ಯಾವುದರಲ್ಲಿ ಕಡಿಮೆ?

ವಿರೋಧ

ಹೊಗೆಯ ಮಾತು ಸರಿ. ಆದರೆ ಕಾರ್ಖಾನೆಯ ಹುಡುಗ ಗುತ್ತಿಗೆಯವನೇ ಆಗಿದ್ದರೂ ತಿಂಗಳಿಗೊಮ್ಮೆ ಪಗಾರ, ಪಿಎಫ್ ಎಂದು ಕೇಳುವ ಹಕ್ಕಿದೆ. ತೋಟದಲ್ಲಿ? ಚಾಟ್ನಿಗೆ ಕೆಲವು ದಿನ, ಕೊಯ್ಲಿಗೆ ಕೆಲವು ದಿನ, ನಡುವೆ ಮೂಗಿಗೆ ಟವೆಲ್ ಸುತ್ತಿಕೊಂಡು ಗಿಡಕ್ಕೆ ಔಷಧಿ ಹೊಡೆಯುವುದು. ಉಳಿದ ತಿಂಗಳು ಅವನು ಏನು ತಿನ್ನಬೇಕೆಂಬುದು ಮೇಲಿನ ವಾದದಲ್ಲಿ ಎಲ್ಲೂ ಇಲ್ಲ.

ತೋಟ ಎಂಬ ಪದವೇ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ಚಹಾ, ಕಾಫಿ, ರಬ್ಬರ್ ತೋಟಗಳ ಕಾರ್ಮಿಕರಿಗೆ ಮನೆ, ಚಿಕಿತ್ಸೆ, ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದು 1951ರಲ್ಲೇ ಕಾಯ್ದೆ ಬಂತು. ಅದು ಎಷ್ಟು ಜಾರಿಯಾಯಿತು ಎಂಬುದು ಬೇರೆ ಮಾತು. ಆ ಕಾಯ್ದೆ ಹೆಸರಿಸಿದ ಬೆಳೆಗಳಲ್ಲಿ ದಾಳಿಂಬೆಯಾಗಲಿ ಮಾವಾಗಲಿ ಇರಲಿಲ್ಲ. ನಮ್ಮ ಕಡೆಯ ತೋಟದ ಆಳು ಹೊಲದ ಆಳೇ. ಸಂಜೆ ಕೂಲಿ ಎಣಿಸಿಕೊಟ್ಟರೆ ಮಾಲೀಕನ ಋಣ ಮುಗಿಯಿತು.

ಆಳಾಗಬೇಡ, ನೀನೇ ತೋಟ ಮಾಡು ಎನ್ನುವವರೂ ಇದ್ದಾರೆ. ಹನಿ ನೀರಾವರಿಗೆ ಎರಡು ಹೆಕ್ಟೇರ್‌ವರೆಗೆ ಶೇ 90ರ ತನಕ ಸಹಾಯಧನ ಕೊಡುತ್ತಾರೆ, ನಿಜ. ಅದಕ್ಕೆ ಪಹಣಿ ಬೇಕು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಕೂತಿದೆ. ಹೊಲವೇ ಇಲ್ಲದವನಿಗಂತೂ ಆ ಶೇ 90 ಬರೀ ಗೋಡೆಬರಹ. ಸಸಿ ಇಟ್ಟ ಮೇಲೂ ಕಾಯಿ ಕಾಣಲು ಎರಡು-ಮೂರು ವರ್ಷ, ಅಷ್ಟರೊಳಗೆ ಬೋರು ಬತ್ತದಿದ್ದರೆ ಪುಣ್ಯ.

ಇನ್ನು, ಹುಡುಗರು ಹುಡುಗರು ಎನ್ನುತ್ತ ಹುಡುಗಿಯರನ್ನು ಮರೆತೇಬಿಟ್ಟಿದ್ದೇವೆ. ಕಳೆ ತೆಗೆಯುವವರು, ಕಾಯಿ ಒರೆಸಿ ಬುಟ್ಟಿ ತುಂಬುವವರು ಬಹುಪಾಲು ಹೆಂಗಸರೇ. ನರೇಗಾದಲ್ಲಿ 2025-26ಕ್ಕೆ ದಿನಗೂಲಿ 370 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಒಂದೇ. ಖಾಸಗಿ ತೋಟಕ್ಕೆ ಬಂದರೆ ಹೆಣ್ಣಾಳಿಗೊಂದು ದರ, ಗಂಡಾಳಿಗೊಂದು ದರ. ಪಿಯುಸಿ ಓದಿದ ಮಗಳನ್ನು ಯಾವ ತಾಯಿ ಅಲ್ಲಿಗೆ ಕಳಿಸಿಯಾಳು? ಗಂಡು ಹುಡುಗನ ಪಾಡೂ ಅಷ್ಟೇ: ಬೀಗರು ಮೊದಲು ಹೊಲ ಎಷ್ಟೆಕರೆ ಎಂದು ಕೇಳುತ್ತಾರೆ, ಹುಡುಗ ಅದೇ ಹೊಲದಲ್ಲಿ ದುಡಿಯುತ್ತಾನೆ ಎಂದರೆ ಚಹಾ ಕುಡಿದು ಎದ್ದು ಹೋಗುತ್ತಾರೆ.

ಕತ್ತರಿ ಅದ್ದಿ ತೆಗೆಯುವ ತಾಳ್ಮೆ ಊರ ಹುಡುಗನಿಗೆ ಇರುತ್ತದೆ ಎಂಬ ಮಾತನ್ನು ಒಪ್ಪುತ್ತೇನೆ. ಆ ತಾಳ್ಮೆಗೆ ಹನ್ನೆರಡೂ ತಿಂಗಳು ಪಗಾರ ಎಷ್ಟು ಎಂದು ಮಾಲೀಕರು ಮೊದಲು ಬಾಯಿಬಿಟ್ಟು ಹೇಳಲಿ. ಗುಳೆ ಹೋದವರ ಫೋನ್ ನಂಬರು ಊರಲ್ಲಿ ಎಲ್ಲರ ಹತ್ತಿರವೂ ಇದೆ.