ಮಾಡಿನ ಮೇಲೊಂದು ಮಾಡು

ನಮ್ಮ ಕಾಲೋನಿಯ ಮನೆಗಳಿಗೆಲ್ಲ ಎರಡೆರಡು ಮಾಡು. ಒಂದು ನಕಾಶೆಯಲ್ಲಿದ್ದ ಸಿಮೆಂಟಿನ ತಾರಸಿ. ಇನ್ನೊಂದು, ಆ ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಹೊದೆಸಿದ ಶೀಟು. ಕಾರವಾರಕ್ಕೆ ಹೊಸದಾಗಿ ವರ್ಗವಾಗಿ ಬಂದ ಘಟ್ಟದ ಮೇಲಿನವರು ಇದನ್ನು ನೋಡಿ, "ಮಹಡಿ ಕಟ್ಟಿಸ್ತಾ ಇದ್ದೀರಾ?" ಎಂದು ಕೇಳುತ್ತಾರೆ. ಇಲ್ಲ ಮಾರಾಯ್ರೆ, ಮನೆಗೊಂದು ಕೊಡೆ ಹಿಡಿದಿದ್ದೇವೆ ಅಷ್ಟೆ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ನಾವಿಲ್ಲಿಗೆ ಬಂದದ್ದು. ಅದಕ್ಕೂ ಮೊದಲು ಇದೆಲ್ಲ ಗದ್ದೆ. ಗದ್ದೆ ಹೋಗಿ ಕಾಲೋನಿಯಾದ ಸುದ್ದಿಯನ್ನು ಕಪ್ಪೆಗಳಿಗೆ ಯಾರೂ ಹೇಳಿರಲಿಲ್ಲ. ಮೊದಲ ಮಳೆ ಬಿದ್ದ ರಾತ್ರಿ ಅವು ತಮ್ಮ ಗದ್ದೆಗೇ ಬಂದವೆಂದುಕೊಂಡು ನಮ್ಮ ಬಚ್ಚಲಲ್ಲಿ ಕೂತು ವಟಗುಟ್ಟುತ್ತಿದ್ದವು. ಅಪ್ಪ ಚೀಟಿ ಎತ್ತಿ ಗೆದ್ದ ಮನೆ ಅದು. ಕಂತು ತುಂಬಿದ ರಸೀದಿಗಳನ್ನೆಲ್ಲ ಒಂದು ತಂತಿಗೆ ಪೋಣಿಸಿ ದೇವರ ಗೂಡಿನ ಪಕ್ಕದಲ್ಲೇ ತೂಗುಹಾಕಿದ್ದ.

ಆಗ ಮನೆಗಳಿಗೆ ಹೆಸರಿರಲಿಲ್ಲ, ದರ್ಜೆ ಇತ್ತು. ದೇಶದಲ್ಲಿ ಎಲ್ಲಿ ಹೌಸಿಂಗ್ ಕಾಲೋನಿ ಕಟ್ಟಲಿ, ಆದಾಯ ನೋಡಿ, ತೀರಾ ಬಡವರಿಗೆ ಇಡಬ್ಲ್ಯೂಎಸ್, ಕಡಿಮೆ ಆದಾಯದವರಿಗೆ ಎಲ್‌ಐಜಿ, ಮಧ್ಯಮದವರಿಗೆ ಎಂಐಜಿ, ಹೆಚ್ಚಿನವರಿಗೆ ಎಚ್‌ಐಜಿ ಎಂದು ಪಂಕ್ತಿ ಹಾಕುವುದು ರೂಢಿ. ಇಂಗ್ಲಿಷಿನ ಗಂಧವಿಲ್ಲದ ನಮ್ಮ ಆಯಿಗೂ ಈ ಅಕ್ಷರಗಳು ಬಾಯಿಪಾಠ. ಕಾಲೋನಿಯಲ್ಲಿ ಇಬ್ಬರು ಮಾಸ್ತರರಿದ್ದರು. ಒಬ್ಬರು ಎಲ್‌ಐಜಿ ಮಾಸ್ತರು, ಇನ್ನೊಬ್ಬರು ಎಂಐಜಿ ಮಾಸ್ತರು. ಇಬ್ಬರದೂ ಒಂದೇ ಪಗಾರ. ಎಂಐಜಿಯವರ ಹೆಂಡತಿಯೂ ಅಕ್ಕೋರಾಗಿದ್ದರು, ವ್ಯತ್ಯಾಸ ಅಷ್ಟೆ.

ಮಳೆ ಮಾತ್ರ ದರ್ಜೆ ಕೇಳಲಿಲ್ಲ. ಆರಿದ್ರ ಹಿಡಿದು ನಾಲ್ಕನೇ ದಿನಕ್ಕೆ ಎಲ್‌ಐಜಿಯಲ್ಲಿ ಒಂದು ಬಾಲ್ದಿ ಇಟ್ಟರೆ ಎಚ್‌ಐಜಿಯಲ್ಲಿ ಮೂರು. ಕೋಣೆ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು.

ಕಟ್ಟಿದವರನ್ನು ಬೈದು ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು 1000 ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿ ಅದರ ಮೂರು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಟ್ಟಸ ತಾರಸಿ ಎಂಬುದು ಆ ಊರಿನ ಆಕಾಶವನ್ನು ನಂಬಿ ಹಾಕುವ ಲೆಕ್ಕ. ಮೇಲೆ ನಿಂತ ನೀರು ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಸ್ಲ್ಯಾಬಿನೊಳಗೆ ಇಳಿಯುತ್ತದೆ. ಜೊತೆಗೆ ಕಡಲಿನ ಉಪ್ಪುಗಾಳಿ. ಉಪ್ಪು ಒಳಗಿನ ಸರಳಿಗೆ ಮುಟ್ಟಿದರೆ ತುಕ್ಕು, ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿದ್ದು ಸಿಮೆಂಟನ್ನು ಒದೆಯುತ್ತದೆ. ಒಂದು ರಾತ್ರಿ ಅಪ್ಪನ ಊಟದ ಬಟ್ಟಲಿಗೇ ಅಂಗೈಯಗಲ ಗಿಲಾವು ಬಿತ್ತು. ಅಪ್ಪ ಮೇಲೊಮ್ಮೆ, ಬಟ್ಟಲೊಮ್ಮೆ ನೋಡಿ, "ಸಾರು ಚಲೋ ಆಗಿತ್ತು" ಎಂದಷ್ಟೇ ಹೇಳಿ ಕೈ ತೊಳೆದ.

ನಮ್ಮ ಹಿರಿಯರಿಗೆ ಈ ಕಷ್ಟವಿರಲಿಲ್ಲ. ಸೋಗೆಯೋ ಹುಲ್ಲೋ ಹೊದೆಸಿ ಇಳಿಜಾರು ಬಿಡುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಚಿರೆಕಲ್ಲಿನ ಗೋಡೆಗಳ ಮೇಲೆ ಕೆಂಪು ಹಂಚು ಕೂತಿತು. ಹಂಚು ಒಡೆದರೆ ಒಂದನ್ನು ಸರಿಸಿ ಇನ್ನೊಂದು ಇಟ್ಟರಾಯಿತು. ತಾರಸಿಗೆ ಹಾಗೆ ಮಾಡಲಾದೀತೇ? ಆದರೂ ಅಪ್ಪನ ಕಾಲದಲ್ಲಿ ಹಂಚಿನ ಮನೆಯೆಂದರೆ ಬಡವರದು, ತಾರಸಿಯೆಂದರೆ ಇದ್ದವರದು.

ಆ ಪ್ರತಿಷ್ಠೆಯ ಮೇಲೆ ಮೊದಲು ಶೀಟು ಹೊದೆಸಿದವರು ಎಲ್‌ಐಜಿ ಮಾಸ್ತರು. "ಶಿಕಾರಿ ಮನೆ ಕಟ್ಟಿದ್ರಾ ಮಾಸ್ತರೇ?" ಎಂದು ಎಲ್ಲರೂ ನಕ್ಕರು. ಆ ಮಳೆಗಾಲದಲ್ಲಿ ಕಾಲೋನಿಯಲ್ಲಿ ಬಾಲ್ದಿ ಇಡದೆ ಮಲಗಿದ್ದು ಅವರೊಬ್ಬರೇ. ಮುಂದಿನ ಬೇಸಿಗೆಯಲ್ಲಿ ನಕ್ಕವರೆಲ್ಲ ಅವರ ಹತ್ತಿರವೇ ವೆಲ್ಡಿಂಗಿನವನ ವಿಳಾಸ ಕೇಳಿದರು. ಮೊದಲು ಸಿಮೆಂಟ್ ಶೀಟು, ಆಮೇಲೆ ಜಿಂಕಿನ ತಗಡು, ಈಗ ನೀಲಿ, ಹಸಿರು ಬಣ್ಣದ್ದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನಮ್ಮದರ ಎರಡು ಶೀಟು ಎದ್ದುಹೋಗಿ ಮೂರನೇ ಮನೆಯ ತೆಂಗಿನ ಮರಕ್ಕೆ ಸಿಕ್ಕಿಕೊಂಡವು. ಅವರು ಮರ ಹತ್ತಿಸಿ ಇಳಿಸಿಕೊಟ್ಟರು, ಮರ ಹತ್ತಿದವನ ಕೂಲಿ ನಮ್ಮಿಂದ ಪಡೆದರು.

ಸೋರುವುದನ್ನು ನಿಲ್ಲಿಸಲೆಂದು ಹಾಕಿದ ಶೀಟಿನ ಕೆಳಗೆ, ಯಾವ ನಕಾಶೆಯಲ್ಲೂ ಇಲ್ಲದ, ಗೋಡೆಯೂ ಇಲ್ಲದ ಒಂದು ದೊಡ್ಡ ಕೋಣೆ ನಮಗೆ ಪುಕ್ಕಟೆ ಸಿಕ್ಕಿತು. ಮನೆಯ ಅಸಲಿ ಸಂಸಾರ ಈಗ ಅಲ್ಲೇ. ಬೇಸಿಗೆಯಲ್ಲಿ ಅಂಚಿನ ಬಿಸಿಲಿಗೆ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ. ಜೂನಿನಿಂದ ತೆಂಗಿನಕಾಯಿ ರಾಶಿ, ಕಟ್ಟಿಗೆ, ಮುರಿದ ಸೈಕಲ್ಲು, ಬಾಡಿಗೆ ಕುರ್ಚಿಗಳವನು ಒಯ್ಯಲು ಮರೆತ ಒಂದು ಕುರ್ಚಿ. ಬಟ್ಟೆಯ ಹಗ್ಗ ಎಂಟು. ಇದರಲ್ಲಿ ಒಂದೇ ತಕರಾರು: ಪಕ್ಕದ ಮನೆಯವರು ಅವರ ಶೀಟಿನ ಕೆಳಗೆ ಒಣ ಬಂಗಡೆ ಹರಡುತ್ತಾರೆ, ಗಾಳಿ ಪಡುವಣದಿಂದ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ನಾನು ಆಫೀಸಿಗೆ ಹೋದರೆ ಸಹೋದ್ಯೋಗಿಗಳು, "ಇವತ್ತು ಮನೆಯಲ್ಲಿ ಏನು ವಿಶೇಷ?" ಎಂದು ಮೂಗರಳಿಸುತ್ತಾರೆ.

ಶೀಟಿನ ಮೇಲೆ ಮಳೆ ಸುರಿಯುವಾಗ ಅದರ ಕೆಳಗೆ ಮಾತು ಸಾಗುವುದಿಲ್ಲ. ಆಯಿ ಕೈಸನ್ನೆಯಲ್ಲೇ ಪಳಗಿದಳು. ಎರಡು ಬೆರಳು ಎಂದರೆ ಎರಡು ತೆಂಗಿನಕಾಯಿ ತಾ, ಅಂಗೈ ಮಗುಚಿದರೆ ಬಟ್ಟೆ ತಿರುವಿ ಹಾಕು. ಸಾಲದವರ ಫೋನು ಬಂದರೆ ಮೇಲೆ ಹೋಗಿ ಮಾತಾಡುವುದು ಕಾಲೋನಿಯ ಹಳೆಯ ಉಪಾಯ. "ಹಲೋ, ಮಳೆ ಮಾರಾಯ್ರೆ, ಎಂತದೂ ಕೇಳೂದಿಲ್ಲ!"

2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾದ ಮೇಲೆ ಕಾಲೋನಿಗೆ ನೌಕಾಪಡೆಯ ಕುಟುಂಬಗಳು ಬಾಡಿಗೆಗೆ ಬರತೊಡಗಿದವು. ಎದುರು ಮನೆಗೆ ರಾಜಸ್ಥಾನದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಒಗೆದ ಜೀನ್ಸ್ ಪ್ಯಾಂಟು ಐದು ದಿನವಾದರೂ ಒಣಗದ್ದನ್ನು ಕಂಡು ಕಂಗಾಲಾಗಿ, "ಇಲ್ಲಿ ಬಟ್ಟೆ ಒಣಗುವುದು ಯಾವಾಗ?" ಎಂದು ಹಿಂದಿಯಲ್ಲಿ ಕೇಳಿದಳು. ಆಯಿ ತನಗೆ ಬರುವ ಹಿಂದಿಯನ್ನೆಲ್ಲ ಸೇರಿಸಿ ಉತ್ತರಿಸಿದಳು: "ಚೌತಿ ಕೇ ಬಾದ್."

ಈ ವರ್ಷ ನಮ್ಮ ಶೀಟಿಗೇ ತೂತು ಬಿದ್ದಿದೆ. ಮೊನ್ನೆ ಶೀಟಿನ ಹುಡುಗ ಟೇಪು ಹಿಡಿದು ಅಳತೆ ತೆಗೆದ. ಮೊಬೈಲಿನಲ್ಲಿ ಹೊಸ ನಮೂನೆಗಳನ್ನು ತೋರಿಸಿದ. ಒಂದರಲ್ಲಿ ತಗಡನ್ನೇ ಮಂಗಳೂರು ಹಂಚಿನ ಹಾಗೆ ಒತ್ತಿ, ಕೆಂಪು ಬಣ್ಣ ಬಳಿದಿದ್ದರು. ಆಯಿ ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರ ದೊಡ್ಡ ಮಾಡಿ, ಬಹಳ ಹೊತ್ತು ನೋಡಿದಳು.

"ಇದೇ ಇರಲಿ" ಅಂದಳು. ಸ್ವಲ್ಪ ತಡೆದು, "ನಡುವೆ ಒಂದು ಬೆಳಕಿನ ಹಂಚು ಹಾಕೂಕೆ ಬರ್ತದನೋ ತಮಾ?"

"ಫೈಬರ್ದು ಬರ್ತದೆ ಆಯಿ, ರೇಟು ಬೇರೆ" ಎಂದ ಹುಡುಗ.